ಡಿಗ್ರಿಗಾಗಿ ಟೆಸ್ಟ್ ಬಿಟ್ಟು ಬಂದ ಪ್ರಸನ್ನ

"ಆಟ ಅನ್ನ ಹಾಕುತ್ತಾ?" ಹಳೇ ಮೈಸೂರಿನ ಮಧ್ಯಮವರ್ಗದ ಮನೆಗಳಲ್ಲಿ ಈ ಮಾತು ಕೇಳದೆ ಬೆಳೆದ ಹುಡುಗರು ಕಡಿಮೆ. ಬಯಲಿಗೆ ಓಡುವವನು ದಡ್ಡ, ಪುಸ್ತಕ ಹಿಡಿದು ಕೂತವನು ಜಾಣ ಎಂದು ಊರೇ ತೀರ್ಮಾನಿಸಿಬಿಟ್ಟಿತ್ತು. ಆ ತೀರ್ಮಾನವನ್ನು ಅಲ್ಲಾಡಿಸಿದವರ ಪೈಕಿ ನನಗೆ ಎಲ್ಲರಿಗಿಂತ ಹೆಚ್ಚು ಕಾಡುವವರು ಆಫ್ ಸ್ಪಿನ್ನರ್ ಎರಾಪಳ್ಳಿ ಪ್ರಸನ್ನ.

1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಅವರಿಗೆ 21 ವರ್ಷ, ಕೈಯಲ್ಲಿ ಎಂಜಿನಿಯರಿಂಗ್ ಓದು. ಬೆನ್ನಿಗೇ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಕರೆ ಬಂತು. ತಂದೆಗೆ ಕಳಿಸುವ ಮನಸ್ಸಿರಲಿಲ್ಲ. ವಾಪಸು ಬಂದು ಓದು ಮುಗಿಸಬೇಕೆಂಬ ಕರಾರಿನ ಮೇಲೆ ಒಪ್ಪಿದರು. ಮಗ ಮಾತು ಉಳಿಸಿಕೊಂಡರು. ಕಿಂಗ್‌ಸ್ಟನ್ನಿನಲ್ಲಿ ಒಂದು ಟೆಸ್ಟ್ ಆಡಿ ಬಂದವರು ಮತ್ತೆ ಭಾರತಕ್ಕೆ ಆಡಿದ್ದು 1967ರಲ್ಲಿ! ಆ ನಡುವೆ 1965ರಲ್ಲಿ ಮದ್ರಾಸಿನ ವೆಂಕಟರಾಘವನ್ ಬಂದು, ದೆಹಲಿ ಟೆಸ್ಟಿನಲ್ಲಿ ನ್ಯೂಜಿಲೆಂಡಿನ 12 ವಿಕೆಟ್ ಕಿತ್ತು, ಆಫ್ ಸ್ಪಿನ್ನರನ ಜಾಗದಲ್ಲಿ ಕೂತಿದ್ದರು. ಅವರೂ ಎಂಜಿನಿಯರೇ.

ಐದು ವರ್ಷ ದಂಡವಾಯಿತು ಎಂದವರಿಗೆ 1967-68ರ ಪ್ರವಾಸ ಉತ್ತರ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್. ಭಾರತ ವಿದೇಶದಲ್ಲಿ ಗೆದ್ದ ಮೊದಲ ಸರಣಿ ಆ ನ್ಯೂಜಿಲೆಂಡ್ ಸರಣಿಯೇ. ಅವರ ಚೆಂಡು ಬ್ಯಾಟ್ಸ್‌ಮನ್ನಿನ ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲಿ ಬರುತ್ತಿತ್ತು. ಸಿಕ್ಕಿತು ಎಂದು ಅವನು ಮುನ್ನುಗ್ಗಿದರೆ, ಎಣಿಸಿದ್ದಕ್ಕಿಂತ ಗೇಣು ಮೊದಲೇ ನೆಲಕ್ಕಿಳಿದು ತಿರುಗುತ್ತಿತ್ತು. ಅದನ್ನು ನೋಡಿದವರು ಆಟಗಾರನಿಗೆ ತಲೆ ಇಲ್ಲ ಎಂದು ಹೇಳುವುದಾದರೂ ಹೇಗೆ? 1974ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದೂ ಇದೇ ಕೈ. ಸತತ 15 ವರ್ಷ ಗೆದ್ದಿದ್ದ ಬಾಂಬೆ ಅಲ್ಲಿಗೆ ನಿಂತಿತು, ಕಪ್ ಮೊದಲ ಸಲ ಕರ್ನಾಟಕಕ್ಕೆ ಬಂತು.

ಮುಂದೆ ಶ್ರೀನಾಥ್, ಕುಂಬ್ಳೆ ಇಬ್ಬರೂ ಆಟದ ಜೊತೆಗೇ ಎಂಜಿನಿಯರಿಂಗ್ ಪದವಿಯನ್ನೂ ಪಡೆದರು. ಅಪ್ಪಂದಿರ ಬಾಯಲ್ಲಿ "ಕುಂಬ್ಳೆ ಓದಲಿಲ್ಲವೇನೋ?" ಎಂಬ ಹೊಸ ಮಾತು ಹುಟ್ಟಿತು. ಬೈಗುಳವೇ ಆದರೂ ಅದರಲ್ಲಿ ಆಟಕ್ಕೂ ಓದಿಗೂ ಒಟ್ಟಿಗೆ ಜಾಗವಿತ್ತು.

ಆ ಜಾಗ ಈಗ ಕಿರಿದಾಗುತ್ತಿರುವುದು ನನಗೆ ಸಂಕಟ. 2008ರಲ್ಲಿ ಐಪಿಎಲ್ ಬಂದ ಮೇಲೆ ಆಟ ಅನ್ನ ಹಾಕುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಹಳೆಯ ಗೋಡೆ ಬೇರೆ ಕಡೆ ಎದ್ದಿದೆ. ಅಕಾಡೆಮಿಗೆ ಸೇರಿದ ಹುಡುಗ ಹತ್ತನೇ ತರಗತಿಗೇ ಪುಸ್ತಕ ಬದಿಗಿಡುತ್ತಾನೆ; ನೀಟ್, ಸಿಇಟಿ ಎಂದು ಹೊರಟವಳು ಎರಡು ವರ್ಷ ಬಿಸಿಲನ್ನೇ ಕಾಣುವುದಿಲ್ಲ. ಮೈದಾನವೇ ಇಲ್ಲದ ಕಟ್ಟಡಗಳಲ್ಲಿ ಪಿಯು ಕಾಲೇಜುಗಳು ನಡೆಯುತ್ತಿವೆ. ಶಾಲೆಯಲ್ಲಿ ಪೋರ್ಷನ್ ಮುಗಿದಿಲ್ಲವೆಂದರೆ ಮೊದಲು ಹೋಗುವುದು ಪಿ.ಟಿ. ಪೀರಿಯಡ್.

ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಆ ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ.