ಸನ್ನತಿಯಲ್ಲಿ ಒಂದು ದಿನ

ಪ್ರಾತಃಕಾಲದಲ್ಲಿ ವಾಡಿಯಿಂದ ಹೊರಟ ನಾವು, ತೊಗರಿಯ ಹೊಲಗಳನ್ನು ದಾಟಿ, ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಸೇರಿದೆವು. ಭೀಮಾನದಿಯಲ್ಲಿ ಕೈಕಾಲು ತೊಳೆದು ಚಂದ್ರಲಾಂಬಾ ದೇವಿಯ ದರ್ಶನ ಪಡೆದೆವು. ದಾರಿ ತೋರಲು ಬಂದ ಊರ ಹಿರಿಯರೊಬ್ಬರು ಆವರಣದಲ್ಲಿದ್ದ ಕಾಳಿಗುಡಿಯ ವೃತ್ತಾಂತವನ್ನು ಹೇಳಿದರು. 1986ರಲ್ಲಿ ಅದರ ಮಾಳಿಗೆ ಕುಸಿದು ಮೂರ್ತಿಯು ಭಗ್ನವಾಯಿತು. ಆದರೆ ದೇವಿಗೆ ಪೀಠವಾಗಿದ್ದ ಕಲ್ಲೇ ಅಶೋಕ ಚಕ್ರವರ್ತಿಯ ಶಾಸನವೆಂದು ಆಗ ತಿಳಿದುಬಂದಿತು! ಸಮೀಪದ ಕನಗನಹಳ್ಳಿಯ ಬೌದ್ಧ ಸ್ತೂಪದ ಅವಶೇಷಗಳಲ್ಲಿ, ಅಶೋಕನ ಹೆಸರನ್ನೇ ಬ್ರಾಹ್ಮೀಲಿಪಿಯಲ್ಲಿ ಬರೆದ ಅರಸನ ಶಿಲ್ಪವೂ ದೊರೆತಿದೆ.

ಮೂರ್ತಿಯನ್ನು ನಿಲ್ಲಿಸಲು ಶಾಸನದ ನಡುವೆ ಕೊರೆದ ಕುಳಿಯಿಂದ ಕೆಲವು ಅಕ್ಷರಗಳು ಅಳಿದುಹೋಗಿವೆ. ಉಳಿದವುಗಳನ್ನು ಕಾಪಾಡಿದುದೂ ಆ ಪೂಜೆಯೇ. ವಾಚಕರೇ, ನಿಮ್ಮೂರ ಗುಡಿಯ ಹಾಸುಗಲ್ಲನ್ನೂ ಒಮ್ಮೆ ಬಾಗಿ ನೋಡುವಿರಾ?