ಬೆಟ್ಟದ ಮೇಲಣ ನಿಸಿಧಿಗಳು : ಪ್ರತಿಷ್ಠೆ ಮತ್ತು ಪಾಠ

ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಮುನಿ, ಕಂತಿ, ಶ್ರಾವಕ, ಶ್ರಾವಿಕೆಯರ ಸ್ಮರಣೆಗಾಗಿ ಪ್ರತಿಷ್ಠಿಸಿದ ಕಲ್ಲು, ಕಂಬ ಅಥವಾ ಮಂಟಪಕ್ಕೆ ನಿಸಿಧಿ ಎಂದು ಹೆಸರು. ಕರ್ನಾಟಕದಲ್ಲಿ ಇವು ವಿಪುಲವಾಗಿರುವ ಎಡೆ ಶ್ರವಣಬೆಳ್ಗೊಳದ ಚಂದ್ರಗಿರಿ. ಪ್ರಾಚೀನ ಶಾಸನಗಳ ಕಟವಪ್ರ. ಏಳನೆಯ ಶತಮಾನದ ಸುಮಾರಿನ ಬರಹಗಳನ್ನು ಅಲ್ಲಿ ಹಾಸುಬಂಡೆಯ ಮೇಲೆಯೇ ಕೊರೆಯಲಾಗಿದೆ. ಕೆಲವೇ ಸಾಲುಗಳು, ಹೆಸರು, ವ್ರತ, ‘ಮುಡಿಪಿದರ್’ ಎಂಬ ಕ್ರಿಯಾಪದ, ಇಷ್ಟರಲ್ಲಿ ವಿಷಯ ಮುಗಿಯುತ್ತದೆ. ಹನ್ನೆರಡನೆಯ ಶತಮಾನದ ವೇಳೆಗೆ ಇವೇ ಗುರುಪರಂಪರೆಯನ್ನು ವಿಸ್ತಾರವಾಗಿ ಹೇಳುವ ಕಂಬಗಳಾಗಿ ಬೆಳೆದವು.

ಇಂತಹ ಶಾಸನವನ್ನು ಓದುವಾಗ ಮೂರು ಅಂಶಗಳನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಸ್ಥಳ. ಗಂಗ ದೊರೆ ಮಾರಸಿಂಹನು 974ರಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಮಾಧಿಯನ್ನು ಸಾಧಿಸಿದ್ದು ಬಂಕಾಪುರದಲ್ಲಿ. ಅದನ್ನು ತಿಳಿಸುವ ಶಾಸನವಿರುವುದು ಚಂದ್ರಗಿರಿಯ ಕೂಗೆ ಬ್ರಹ್ಮದೇವರ ಕಂಬದಲ್ಲಿ. ಆದುದರಿಂದ ಸ್ಮಾರಕ ನಿಂತ ನೆಲವೇ ಮರಣಸ್ಥಳವೆಂದು ಊಹಿಸುವುದು ಸಲ್ಲದು.

ಎರಡನೆಯದು ಕಾಲ. ಹೊಯ್ಸಳ ದಂಡನಾಯಕ ಗಂಗರಾಜನು ತನ್ನ ಪತ್ನಿ ಲಕ್ಷ್ಮೀಮತಿಗೂ, 1123ರಲ್ಲಿ ದಿವಂಗತರಾದ ಗುರು ಶುಭಚಂದ್ರರಿಗೂ ಇದೇ ಬೆಟ್ಟದಲ್ಲಿ ನಿಸಿಧಿಗಳನ್ನು ನಿಲ್ಲಿಸಿದನು. ಈ ಬಗೆಯ ಶಾಸನಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳು ಸಾಮಾನ್ಯವಾಗಿ ಮುಡಿಪಿದ ದಿನಕ್ಕೆ ಸೇರಿದವು. ಕಲ್ಲನ್ನು ಕಡೆದು, ಬರಹವನ್ನು ಕಂಡರಿಸಿ, ಪ್ರತಿಷ್ಠೆ ನೆರವೇರಿಸಲು ಅನಂತರ ಕಾಲ ಹಿಡಿಯುವುದು ಸಹಜ. ಲಿಪಿಯ ಕಾಲವನ್ನು ನಿರ್ಣಯಿಸುವವರು ಈ ಅಂತರವನ್ನು ಮರೆಯಲಾಗದು.

ಮೂರನೆಯದು ಪ್ರಾಮಾಣ್ಯ. ಪಾರ್ಶ್ವನಾಥ ಬಸದಿಯ ನವರಂಗದಲ್ಲಿರುವ ಮಲ್ಲಿಷೇಣ ಪ್ರಶಸ್ತಿ ಇದಕ್ಕೆ ಉತ್ತಮ ನಿದರ್ಶನ. ಮಲ್ಲಿಷೇಣ ಮಲಧಾರಿದೇವರು ಶಕ 1050, ಕೀಲಕ ಸಂವತ್ಸರದ ಫಾಲ್ಗುಣ ಬಹುಳ ತದಿಗೆಯಂದು, ಎಂದರೆ ಕ್ರಿ.ಶ. 1129ರ ಮಾರ್ಚಿಯಲ್ಲಿ, ಮೂರು ದಿನಗಳ ಸಲ್ಲೇಖನದಿಂದ ಮುಡಿಪಿದರು. ಪದ್ಯರಚನೆ ಮಲ್ಲಿನಾಥನದು, ಕಂಡರಿಸಿದವನು ರೂವಾರಿ ಗಂಗಾಚಾರಿ. ಮಲ್ಲಿಷೇಣರ ಮಟ್ಟಿಗೆ ಇದು ಸಮಕಾಲೀನ ಸಾಕ್ಷ್ಯ. ಆದರೆ ಅದೇ ಪ್ರಶಸ್ತಿ ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರನ್ನೂ ಸ್ತುತಿಸುತ್ತದೆ. ಅಕಲಂಕರ ವಿಷಯವಾಗಿ ಅದು ಹೇಳುವುದು ಶತಮಾನಗಳ ಬಳಿಕ ಪರಂಪರೆ ಉಳಿಸಿಕೊಂಡ ನೆನಪನ್ನು. ಅದು ಅಮೂಲ್ಯವಾದುದು, ಆದರೂ ಓಲೆಗ್ರಂಥಗಳ ಪ್ರಶಸ್ತಿಗಳೊಡನೆ ಹೋಲಿಸಿದ ಮೇಲೆಯೇ ಕಾಲನಿರ್ಣಯಕ್ಕೆ ಒದಗಬಲ್ಲದು.

ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ ದೊರೆತ ದೇಜ್ಜ ಮಹಾರಾಜನ ಕಾಲದ ತಾಮ್ರಪಟವೂ ಇಲ್ಲಿ ಸ್ಮರಣೀಯ. ಸೇಂದ್ರಕ ಇಂದ್ರಣಂದನು ಅರ್ಹತ್ಪೂಜೆಗಾಗಿ ಜಂಬೂಖಂಡ ಗಣದ ಆರ್ಯಣಂದಿ ಆಚಾರ್ಯರಿಗೆ ಭೂಮಿ ನೀಡಿದುದನ್ನು ಅದು ದಾಖಲಿಸುತ್ತದೆ. ಕೃಷ್ಣೆ, ಘಟಪ್ರಭೆಗಳ ಈ ಸೀಮೆಯಲ್ಲಿ ಜೈನಸಂಘದ ಬೇರು ಎಷ್ಟು ಹಳೆಯದೆಂಬುದಕ್ಕೆ ಅದು ಆಧಾರ. ತಾಮ್ರಪಟ ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗಬಲ್ಲದು. ಎಲ್ಲಿದ್ದರೂ ದಾನದ ವಿಷಯವನ್ನು ನುಡಿಯುತ್ತದೆ. ನಿಸಿಧಿ ಹಾಗಲ್ಲ. ಅದು ನಿಂತ ನೆಲೆ, ಮುಖ ಮಾಡಿದ ದಿಕ್ಕು, ಬಳಿಯ ಬಸದಿ, ಪಾದಚಿಹ್ನೆಗಳು ಎಲ್ಲವೂ ಪಾಠದ ಭಾಗಗಳೇ. ಕಿತ್ತು ಬೇರೆಡೆ ನೆಟ್ಟರೆ ಅಕ್ಷರ ಉಳಿದರೂ ಸಾಕ್ಷ್ಯದ ಅರ್ಧ ಅಳಿಯುತ್ತದೆ.

ಶ್ರವಣಬೆಳ್ಗೊಳದ ಶಾಸನಗಳನ್ನು 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದಾಗ ಅವುಗಳ ಸಂಖ್ಯೆ 144, 1923ರಲ್ಲಿ ಆರ್. ನರಸಿಂಹಾಚಾರ್ಯರ ಆವೃತ್ತಿಯಲ್ಲಿ 500. 1973ರ ಪರಿಷ್ಕೃತ ಸಂಪುಟದಲ್ಲಿ 573. ಕಣ್ಣೆದುರಿಗಿದ್ದ ಬಂಡೆಯಲ್ಲಿಯೇ ಇಷ್ಟು ಬರಹಗಳು ಬಹುಕಾಲ ಓದುಗರಿಗಾಗಿ ಕಾದಿದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಗುಡ್ಡಗಳಲ್ಲಿಯಾಗಲಿ, ಬೇರೆಲ್ಲಿಯಾಗಲಿ ಬರಹವುಳ್ಳ ಕಲ್ಲು ಕಂಡುಬಂದರೆ ಸುಣ್ಣ, ಬಣ್ಣ, ಎಣ್ಣೆ ಬಳಿಯದೆ, ಉಳಿಯಿಂದ ಅಕ್ಷರ ತಿದ್ದದೆ, ಇದ್ದಲ್ಲಿಯೇ ಇರಿಸಿ ಅಚ್ಚು ತೆಗೆಸುವುದು ಪ್ರಥಮ ಕರ್ತವ್ಯ. ಓದುವ ಕೆಲಸ ಅನಂತರದ್ದು.