ಗುಜರಿಯಲ್ಲಿ ಯೆಜ್ಡಿ ಬಿಡಿಭಾಗ ಸಿಕ್ಕೀತೇ?

ಪ್ರಶ್ನೆ: ಅಪ್ಪನ ಯೆಜ್ಡಿ ಬೈಕು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಗುಜರಿಯಿಂದ ಸಾಮಾನು ತಂದು ಓಡಿಸಬಹುದೇ?
– ಓದುಗರೊಬ್ಬರು, ಭಾರತೀನಗರ

ಉತ್ತರ: ಖಂಡಿತ ಓಡಿಸಬಹುದು. ನಿಮ್ಮದು ಹೊರಗಿನ ಗಾಡಿಯೇನಲ್ಲ, ಪಕ್ಕದ ಮೈಸೂರಿನದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ನಮ್ಮ ಸೀಮೆಯ ಹಳೇ ಮೆಕ್ಯಾನಿಕ್‌ಗಳಿಗೆ ಅದರ ನರನಾಡಿ ಗೊತ್ತು. ಮೊದಲು ಅವರನ್ನು ಕೇಳಿ. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಇದ್ದೇ ಇದೆ.

ಆದರೆ ಎಲ್ಲವನ್ನೂ ಗುಜರಿಯಿಂದ ತರಬೇಡಿ. ಬೇರಿಂಗ್, ಆಯಿಲ್ ಸೀಲ್, ಕೇಬಲ್, ಬ್ರೇಕ್ ಶೂ ಹೊಸದೇ ಇರಲಿ. ಹುಡುಕಬೇಕಾದ್ದು ಟ್ಯಾಂಕ್, ಮಡ್‌ಗಾರ್ಡ್, ಹಬ್, ಸಿಲಿಂಡರ್‌ನಂಥ ಲೋಹದ ದೊಡ್ಡ ಸಾಮಾನು. ಟ್ಯಾಂಕ್ ನೋಡುವಾಗ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿ. ಎಲ್ಲಿ ಹಿಡಿಯದೆ ಜಾರುತ್ತದೋ ಅಲ್ಲಿ ಬಣ್ಣದಡಿ ಪುಟ್ಟಿ ಮೆತ್ತಿದ್ದಾರೆಂದೇ ಲೆಕ್ಕ. ಸಿಲಿಂಡರಿನ ರೆಕ್ಕೆ ಮುರಿದಿದೆಯೇ, ಬೆಸುಗೆ ಗುರುತಿದೆಯೇ ನೋಡಿ. ಯೆಜ್ಡಿಯಲ್ಲಿ ಗೇರ್ ಲಿವರೇ ತಿರುಗಿ ಕಿಕ್ಕರ್ ಆಗುತ್ತದಲ್ಲ, ಅದರೊಳಗಿನ ಹಲ್ಲು ಸವೆದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಜನ ಎಡವುವುದು ಎಂಜಿನ್ನಿನ ಕವಚ, ಅಂದರೆ ಕ್ರ್ಯಾಂಕ್‌ಕೇಸ್ ವಿಷಯದಲ್ಲಿ. ಎಂಜಿನ್ ನಂಬರ್ ಕೊರೆದಿರುವುದು ಅದರ ಮೇಲೇ. ಬೇರೆ ಗಾಡಿಯದು ಕೂರಿಸಿದರೆ ನಿಮ್ಮ ಆರ್‌ಸಿಗೆ ತಾಳೆಯಾಗುವುದಿಲ್ಲ. ಕದ್ದ ಗಾಡಿಯದಾಗಿದ್ದರಂತೂ ಠಾಣೆ ಮೆಟ್ಟಿಲೇ ಗತಿ. ತರಲೇಬೇಕೆಂದರೆ ರಸೀದಿ ಪಡೆದು, ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ನಿಮ್ಮ ಹಳೇ ಕ್ರ್ಯಾಂಕ್‌ಕೇಸ್ ಬಿರುಕು ಬಿಟ್ಟಿದ್ದು, ಬಿರುಕು ಸಣ್ಣದಿದ್ದರೆ ಅದನ್ನೇ ಒಳ್ಳೇ ಅಲ್ಯೂಮಿನಿಯಂ ವೆಲ್ಡರ್ ಹತ್ತಿರ ಒಯ್ಯುವುದು ವಾಸಿ.